ಐದನೆಯ ಫಾರಂ

ಪುಸ್ತಕದ ಬೆನ್ನು ನೋಡಿದರೆ ಸಾಕು, ಒಳಗೇನು ತಪ್ಪಿದೆ ಎಂದು ನಾನು ಹೇಳಬಲ್ಲೆ. ಇಪ್ಪತ್ತೆರಡು ವರ್ಷದಿಂದ ಬೈಂಡಿಂಗ್ ಕೆಲಸ ಮಾಡುತ್ತಿರುವವಳು ನಾನು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಉದ್ದನೆಯ ಮೇಜಿನ ಸುತ್ತ ಒಂದನೆಯ ಫಾರಂ, ಎರಡನೆಯ ಫಾರಂ ಎಂದು ಸಾಲಾಗಿ ರಾಶಿ ಇಟ್ಟಿರುತ್ತಾರೆ. ನಾವು ಹೆಂಗಸರು ಮೇಜು ಸುತ್ತುತ್ತ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿಕೊಂಡರೆ, ಸುತ್ತು ಮುಗಿಯುವಷ್ಟರಲ್ಲಿ ಕೈಯಲ್ಲಿ ಒಂದು ಪುಸ್ತಕ. ಪ್ರತಿ ಫಾರಮಿನ ಮಡಿಕೆಯ ಮೇಲೂ ಒಂದು ಕಪ್ಪು ಗೀಟು, ಹಿಂದಿನದಕ್ಕಿಂತ ತುಸು ಕೆಳಗೆ. ಸರಿಯಾಗಿ ಜೋಡಿಸಿದ್ದರೆ ಆ ಗೀಟುಗಳು ಪುಸ್ತಕದ ಬೆನ್ನ ಮೇಲೆ ಮೆಟ್ಟಿಲಿನಂತೆ ಇಳಿಯುತ್ತವೆ. ಒಂದು ಫಾರಂ ಬಿಟ್ಟುಹೋದರೆ ಒಂದು ಮೆಟ್ಟಿಲು ಮಾಯ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಮೆಟ್ಟಿಲು ಹೋದದ್ದು ಒಂದೇ ಸಲ. ಅದೂ ನಾನಾಗಿ ತೆಗೆದದ್ದು.

ನಮ್ಮಲ್ಲಿ ಒಂದು ರೂಢಿಯಿದೆ. ಒಂದು ಪುಸ್ತಕದ ಕೆಲಸ ಮುಗಿದ ಮೇಲೆ, ಮಿಕ್ಕ ಹಾಳೆಗಳಲ್ಲಿ ಪ್ರತಿಯೊಬ್ಬಳೂ ತನಗೊಂದು ಪ್ರತಿ ಜೋಡಿಸಿ, ಹೊಲಿದು, ಮನೆಗೆ ಒಯ್ಯಬಹುದು. ಮೇಸ್ತ್ರಿ ಎಷ್ಟೇ ಜಿಪುಣನಾದರೂ ಇದಕ್ಕೆ ಅಡ್ಡ ಬರುವುದಿಲ್ಲ. "ಹೇಗೂ ರದ್ದಿಗೆ ಹೋಗೋದು, ನಿಮ್ಮನೇಗೇ ಹೋಗ್ಲಿ ಬಿಡಿ" ಎನ್ನುತ್ತಾನೆ, ನಮ್ಮ ಮನೆಗೂ ರದ್ದಿ ಅಂಗಡಿಗೂ ದೊಡ್ಡ ವ್ಯತ್ಯಾಸವೇನಿಲ್ಲ ಎಂಬಂತೆ. ಹಾಗಾಗಿ ನನ್ನ ಮಗಳ ಶಾಲೆಯ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಲ್ಲೇ ಹೊಲಿದದ್ದು. ಅವಳಿಗೆ ಅದೊಂದು ಜಂಬ.

ಅವಳಿಗೀಗ ಹದಿನಾಲ್ಕು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಡೆಬಿಡದೆ ಅಳು ಎಳೆಯುತ್ತಿದ್ದಳೆಂದು ಅವರಪ್ಪ ಇಟ್ಟ ಹೆಸರು ಪಿಟೀಲು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಆ ಹೆಸರು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಬಣ್ಣದಲ್ಲಿ ನನ್ನ ಹಾಗೆ, ನನಗಿಂತ ಒಂದು ಕೈ ಹೆಚ್ಚೇ ಕಪ್ಪು. ಎಡಗಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಹೆಬ್ಬೆಟ್ಟಿನಗಲ ಒಂದು ಬಿಳಿ ಮಚ್ಚೆ. "ನೀನು ಹುಟ್ಟಿದ ದಿನ ನಾನು ಮೊದಲು ಮುತ್ತು ಕೊಟ್ಟ ಜಾಗ ಅದು" ಎಂದು ಅವಳು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದೇನೆ. ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದು, ನನಗೆ ಬೆನ್ನು ಮಾಡಿ ಕೂತು, "ಜಡೆ ಎತ್ತಿ ಹಾಕಮ್ಮ, ಮುತ್ತು ಕಾಣ್ಬೇಕು" ಎನ್ನುತ್ತಾಳೆ. ಆಗೆಲ್ಲ ನನ್ನ ಕೈ ಒಂದು ಗಳಿಗೆ ನಿಂತುಹೋಗುತ್ತದೆ. ಏಕೆಂದರೆ ಅದು ಮುತ್ತಿನ ಗುರುತಲ್ಲ.

ಈ ವರ್ಷ ಅವರ ತರಗತಿಗೆ ಒಂದು ಕಾದಂಬರಿ ಪಠ್ಯವಾಯಿತು. ಹೊಲಿಗೆಗೆ ನಮ್ಮಲ್ಲಿಗೇ ಬಂತು. ಹನ್ನೆರಡು ಫಾರಂ, ನೂರ ತೊಂಬತ್ತೆರಡು ಪುಟ. ನಮ್ಮಲ್ಲಿ ಪುಸ್ತಕ ಮಾಡುವವರೇ ಹೊರತು ಓದುವವರಿಲ್ಲ. ಸೂಜಿಯಕ್ಕ ಮಾತ್ರ ಬೇರೆ. ಹೊಲಿಗೆಯ ಮಣೆಯ ಮುಂದೆ ಮೂವತ್ತು ವರ್ಷ ಕೂತ ಅವಳಿಗೆ, ಊಟದ ಹೊತ್ತಿನಲ್ಲಿ ಕೈಗೆ ಸಿಕ್ಕ ಫಾರಮನ್ನು ಗಟ್ಟಿಯಾಗಿ ಓದುವ ಚಟ. ಸಾಲಾಗಿ ಓದುವುದಿಲ್ಲವಾದ್ದರಿಂದ ಕಥೆಯ ತಲೆಬುಡ ತಿಳಿಯುವುದಿಲ್ಲ. ಇವತ್ತು ಮದುವೆಯಾದ ಹೆಣ್ಣು ನಾಳೆ ತೊಟ್ಟಿಲಲ್ಲಿ ಮಲಗಿರುತ್ತಾಳೆ. ನಾವು ನಕ್ಕುಕೊಂಡು ಉಣ್ಣುತ್ತೇವೆ.

ಆ ದಿನ ಅವಳ ಕೈಗೆ ಸಿಕ್ಕಿದ್ದು ಐದನೆಯ ಫಾರಂ.

ಒಂದು ಊರು. ದಿಬ್ಬದ ಮೇಲೆ ಬಿಳಿಯರ ಮನೆಗಳು, ಕೆಳಗೆ ಕರಿಯರ ಕೇರಿ. ಕೇರಿಯ ಒಬ್ಬಳು ಮೇಲಿನ ಮನೆಗಳಿಗೆ ಬಟ್ಟೆ ಒಗೆಯಲು ಹೋಗುತ್ತಾಳೆ, ಪುಟ್ಟ ಮಗಳನ್ನೂ ಕರೆದೊಯ್ಯುತ್ತಾಳೆ. ಆ ಮನೆಯ ಮಕ್ಕಳು ಹುಡುಗಿಯನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ, ಮುಟ್ಟಿದರೆ ಬಣ್ಣ ಹತ್ತುತ್ತದೆ ಎನ್ನುತ್ತಾರೆ. ತಾಯಿ ಅದನ್ನು ಕೇಳಿಸಿಕೊಳ್ಳುತ್ತಾಳೆ. ಅಂದಿನಿಂದ ದಿನಾ ಸಂಜೆ, ಬಟ್ಟೆ ಬಿಳಿ ಮಾಡುವ ಪುಡಿಯನ್ನು ನೀರಲ್ಲಿ ಕಲಸಿ, ಆಟವಾಡಿಸುತ್ತ ಮಗುವಿನ ಮೈಗೆ ತಿಕ್ಕುತ್ತಾಳೆ. ಒಂದು ದಿನ ಭುಜದ ಚರ್ಮ ಸುಲಿದು ಬಿಳಿಯ ಗುರುತು ನಿಲ್ಲುತ್ತದೆ. ಅದೇನೆಂದು ಹುಡುಗಿ ಕೇಳಿದರೆ, ಬೆಳದಿಂಗಳು ಬಿದ್ದ ಜಾಗ ಎನ್ನುತ್ತಾಳೆ ತಾಯಿ.

ಸೂಜಿಯಕ್ಕ ಫಾರಂ ಕೆಳಗಿಟ್ಟಳು. "ಇಂಥ ತಾಯೀನೂ ಇರ್ತಾಳೇನೇ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಅಷ್ಟೂ ಇಲ್ವಲ್ಲ!"

"ಕಥೆ ತಾನೇ, ಏನ್ ಬೇಕಾದ್ರೂ ಬರೀತಾರೆ" ಎಂದುಬಿಟ್ಟೆ, ನನ್ನನ್ನು ಯಾರೂ ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಪೈಕಿ ನಾನು. ಅರ್ಧ ಉಂಡ ಬುತ್ತಿಗೆ ಮುಚ್ಚಳ ಹಾಕಿದೆ.

ಈಗ ಹೇಳಿಯೇ ಬಿಡುತ್ತೇನೆ. ಪಿಟೀಲಿಗೆ ಎರಡು ವರ್ಷವಾಗಿದ್ದಾಗ ನಾದಿನಿ ಬಂದಿದ್ದಳು. ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಆಚೆ ಈಚೆ ತಿರುಗಿಸಿ, "ಬಣ್ಣ ನಿಮ್ಮ ಕಡೇದೇ ಬಂದುಬಿಡ್ತು, ಏನ್ ಮಾಡೋಕಾಗತ್ತೆ" ಎಂದಳು. ಅವಳ ನಾಲಿಗೆಗೆ ಎಲುಬಿರಲಿಲ್ಲ, ಒಪ್ಪಿದೆ. ನನ್ನ ತಲೆಗೇನಾಗಿತ್ತು? ಚಿಕ್ಕಂದಿನಲ್ಲಿ ನನ್ನನ್ನು ಮಸಿಕುಡಿಕೆ ಎಂದು ಕರೆಯುತ್ತಿದ್ದರು. ತರಗತಿಯ ಫೋಟೋ ತೆಗೆಸುವಾಗ ಹಿಂದಿನ ಸಾಲಿಗೆ ತಳ್ಳುತ್ತಿದ್ದರು. ನನ್ನ ಮಗಳಿಗೆ ಆ ಸಾಲು ಬೇಡ ಎಂದುಕೊಂಡೆ. ಮೂಲೆಯಂಗಡಿಯಲ್ಲಿ ಚೀಟಿಯಿಲ್ಲದ ಡಬ್ಬಿಯಲ್ಲಿ ಬಿಳಿ ಮಾಡುವ ಮುಲಾಮು ಮಾರುತ್ತಿದ್ದರು. ಒಂದು ಡಬ್ಬಿ ತಂದೆ. ಮನೆಯವರಿಗೆ ಕೆರೆತದ ಮದ್ದು ಎಂದು ಹೇಳಿ ದಿನಾ ಸಂಜೆ ಹಚ್ಚಿದೆ, ಸುಮಾರು ಎರಡು ವರ್ಷ. ಮಗು ಒದ್ದಾಡುತ್ತಿತ್ತು. ಎರಡೂ ಕೈ ಒತ್ತಿ ಹಿಡಿದು, "ಆಯ್ತು ಆಯ್ತು, ಅಮ್ಮನ ಚಿನ್ನ ಅಲ್ವಾ" ಎನ್ನುತ್ತಿದ್ದೆ.

ಒಂದು ಸಂಜೆ ಕಿವಿಯ ಕೆಳಗೆ ಬೊಬ್ಬೆ ಎದ್ದು ಚರ್ಮ ಕಿತ್ತುಬಂತು. ನಮ್ಮನೆಯವರು ಬಸ್ಸು ಓಡಿಸುವವರು, ಹಾರನ್ ಹೊಡೆದಷ್ಟೂ ಮಾತಾಡುವವರಲ್ಲ. ಅವರು ಆ ಡಬ್ಬಿಯನ್ನು ಒಯ್ದು ಚರಂಡಿಗೆ ಎಸೆದು ಬಂದರು. "ಅವಳಿಗೆ ಏನ್ ಕಮ್ಮಿ ಇತ್ತು?" ಎಂದು ಮೆಲ್ಲಗೆ ಕೇಳಿದರು. ಅಷ್ಟೇ. ಗಾಯ ಮಾಯ್ದು ಮಚ್ಚೆ ಉಳಿಯಿತು. ಒಂದು ದಿನ ಕನ್ನಡಿಯ ಮುಂದೆ ಅವಳು ಕೇಳಿದಾಗ ಮುತ್ತಿನ ಮಾತು ತಾನಾಗಿ ಬಾಯಿಗೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಸ್ವಲ್ಪ ದಿನ ನಾನೇ ನಂಬಿದೆ.

ಊಟದ ಹೊತ್ತಿನ ಆ ಓದಾದ ಮೇಲೆ ನನ್ನನ್ನು ಒಂದೇ ಭಯ ಹಿಡಿಯಿತು. ಈ ಹದಿನಾರು ಪುಟ ಓದಿದರೆ ನನ್ನ ಮಗಳಿಗೆ ಗೊತ್ತಾಗುತ್ತದೆ. ಹೆಡ್ಡಿಯಲ್ಲ ಅವಳು. ಗೊತ್ತಾದ ಮೇಲೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ?

ಮಿಕ್ಕ ಹಾಳೆಗಳಲ್ಲಿ ಅವಳ ಪ್ರತಿ ಜೋಡಿಸುವಾಗ ನಾಲ್ಕನೆಯ ರಾಶಿಯಾದ ಮೇಲೆ ಆರನೆಯದಕ್ಕೆ ಕೈ ಹಾಕಿದೆ. ಐದನೆಯದನ್ನು ಸೆರಗಿನಡಿ ಇಟ್ಟುಕೊಂಡೆ. ಗಟ್ಟಿ ರಟ್ಟು ಹಾಕಿ ಬೆನ್ನಿಗೆ ಬಟ್ಟೆ ಅಂಟಿಸಿದ ಮೇಲೆ ಮೆಟ್ಟಿಲು ಯಾರಿಗೂ ಕಾಣುವುದಿಲ್ಲ. ತೆಗೆದ ಫಾರಮನ್ನು ಸುಟ್ಟುಹಾಕಬಹುದಿತ್ತು. ಇಪ್ಪತ್ತೆರಡು ವರ್ಷ ಹಾಳೆ ಮಡಿಸಿದ ಕೈಗೆ ಹಾಳೆ ಸುಡುವುದು ಬರಲಿಲ್ಲ. ಮನೆಯಲ್ಲಿ ನನ್ನ ದಬ್ಬಣ, ದಾರ ಇಡುವ ತಗಡಿನ ಪೆಟ್ಟಿಗೆಯ ತಳದಲ್ಲಿಟ್ಟೆ. ಪಾಠ ಮಾಡುವಾಗ ಪುಟಸಂಖ್ಯೆ ಹಾರಿದ್ದು ತಿಳಿಯುವುದಿಲ್ಲವೇ? ತರಗತಿಯಲ್ಲಿ ಎಲ್ಲರ ಹತ್ತಿರವೂ ಪುಸ್ತಕವಿರುವುದಿಲ್ಲವೇ? ಇದನ್ನೆಲ್ಲ ಯೋಚಿಸಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಇಷ್ಟೆಲ್ಲ ಯೋಚಿಸುತ್ತದೆಯೇ?

ಪಾಠ ಶುರುವಾಯಿತು. ಸಂಜೆ ಅವಳು ಚೀಲ ಇಳಿಸುವ ಮುಂಚೆಯೇ ಕೇಳುತ್ತಿದ್ದೆ, "ಇವತ್ತು ಎಲ್ಲೀವರೆಗೆ ಆಯ್ತು?"

"ಇಪ್ಪತ್ತೆರಡು. ನಿಂಗ್ಯಾಕಮ್ಮ ಇಷ್ಟು ಆಸೆ? ಬಾ, ನೀನೂ ಶಾಲೆಗೆ ಸೇರ್ಕೋ."

ನಲವತ್ತು. ಐವತ್ತೊಂದು. ಐವತ್ತೆಂಟಾದ ದಿನ ಅವಳೇ ಹೇಳಿದಳು, "ಪಾಪ ಅಮ್ಮ, ಆ ಹುಡುಗಿ. ಅವಳು ಚೆನ್ನಾಗಿಲ್ಲ ಅಂತ ಎಲ್ರೂ ಹೇಳಿ ಹೇಳಿ, ಅವಳೂ ನಂಬಿಬಿಟ್ಟಿದಾಳೆ. ನಂಗೆ ಯಾರಾದ್ರೂ ಹಾಗಂದ್ರೆ ನಾನು ಮುತ್ತು ತೋರಿಸ್ತೀನಿ." ನಾನು ಒಲೆಯ ಕಡೆಗೆ ತಿರುಗಿಕೊಂಡೆ. ಐದನೆಯ ಫಾರಂ ಶುರುವಾಗುವ ಅರವತ್ತೈದನೆಯ ಪುಟಕ್ಕೆ ಇನ್ನೊಂದೇ ದಿನ ಉಳಿದಿತ್ತು.

ಮರುದಿನ ಸಂಜೆ ಅವಳು ಬಂದಳು, ಕೈಕಾಲು ತೊಳೆದಳು. "ಎಲ್ಲೀವರೆಗೆ ಆಯ್ತು?" ಎಂದೆ. "ಸ್ವಲ್ಪ ಆಯ್ತು" ಎಂದಳು. ಅದರ ಮರುದಿನ ಗೆಳತಿಯ ಮನೆಯಲ್ಲಿ ಬರೆಯುವುದಿದೆ ಎಂದು ತಡವಾಗಿ ಬಂದಳು. ಬೆರಳಿಗೆಲ್ಲ ಶಾಯಿ. ನನ್ನ ಮುಖ ನೋಡದೆ ಒಂದು ಚೀಟಿ ಕೊಟ್ಟಳು. ನಾಳೆ ಮಧ್ಯಾಹ್ನ ಶಾಲೆಗೆ ಬಂದು ಕಾಣಬೇಕೆಂದು ಟೀಚರ್ ಬರೆದಿದ್ದರು.

"ಯಾಕಂತೆ?"

"ಗೊತ್ತಿಲ್ಲ."

ಮೇಸ್ತ್ರಿಯ ಹತ್ತಿರ ಹೊಟ್ಟೆನೋವೆಂದು ಹೇಳಿ ಹೋದೆ. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ನಡೆಯುವಾಗ, ಕೊಠಡಿ ಕೊಠಡಿಯಿಂದ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಟೀಚರ್ ಸಣ್ಣ ವಯಸ್ಸಿನ ಹೆಂಗಸು. ಕುರ್ಚಿ ಕೊಟ್ಟರು.

"ನಿಮ್ಮ ಮಗಳ ಪುಸ್ತಕದಲ್ಲಿ ಹದಿನಾರು ಪುಟ ಇಲ್ಲಮ್ಮ."

ನಾನು ಸೆರಗು ಸರಿಮಾಡಿಕೊಂಡೆ.

"ಮನೇಲಿ ನೀರು ಚೆಲ್ಲಿ ಹಾಳಾಯ್ತು, ನಾನೇ ಕಿತ್ತುಬಿಟ್ಟೆ ಅಂದ್ಲು. ಪುಸ್ತಕ ನೋಡ್ಕೊಳ್ಳೋ ರೀತಿನಾ ಇದು ಅಂತ ಇಡೀ ಪೀರಿಯಡ್ ನಿಲ್ಲಿಸಿದ್ದೆ. ಹೋಗ್ಲಿ, ಅದಕ್ಕಲ್ಲ ಕರೆಸಿದ್ದು."

ಅವಳೇಕೆ ಸುಳ್ಳು ಹೇಳಿದಳೆಂದು ನನಗೆ ಅರ್ಥವಾಗಲಿಲ್ಲ. ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ತಾಯಿ ಮಗೂಗೆ ಪುಡಿ ತಿಕ್ಕೋ ಭಾಗ ಮೊನ್ನೆ ಓದಿದ್ವಿ. ಆ ತಾಯೀಗೆ ಮಗು ಮೇಲೆ ಪ್ರೀತಿ ಇತ್ತಾ ಅಂತ ಕೇಳ್ದೆ. ನಿಮ್ಮ ಮಗಳು ಎದ್ದು ನಿಂತು, ಇರಲಿಲ್ಲ ಅಂದ್ಲು. ಪ್ರೀತಿ ಇದ್ರೆ ಹೀಗಿರತ್ತೆ, ನಾನು ಹುಟ್ಟಿದ ದಿನ ನಮ್ಮಮ್ಮ ಮುತ್ತು ಕೊಟ್ಟ ಜಾಗ ನೋಡಿ ಅಂತ ಕತ್ತು ತಿರುಗಿಸಿ ತೋರಿಸಿದ್ಲು. ಇಡೀ ತರಗತಿಗೆ."

ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಅಂಥ ಗುರುತು ನಾನು ಬೇರೆ ಕಡೆ ನೋಡಿದೀನಮ್ಮ. ಅದು ಯಾತರಿಂದ ಆಗತ್ತೆ ಅಂತ ನಂಗೊತ್ತು." ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೂ ಬಾಯಿಯಿದೆ, ನಾಲ್ಕು ಮಾತು ಆಡಿ ಎದ್ದು ಬರಬಹುದಿತ್ತು. "ನಾನೇನೂ ಹೇಳಿಲ್ಲ. ಎಪ್ಪತ್ತೆಂಟನೇ ಪುಟದಲ್ಲಿ ಆ ಹುಡುಗೀಗೆ ಗುರುತು ಉಳಿಯತ್ತೆ. ಬೇಕಂತಲೇ ಎರಡು ದಿನ ತಡೆದಿದೀನಿ. ನಾಳೆ ಓದಲೇಬೇಕು. ಅಷ್ಟೂ ಮಕ್ಕಳ ಮುಂದೆ ಅವಳಿಗೆ ಗೊತ್ತಾಗೋದು ಬೇಡ. ಇವತ್ತು ಸಂಜೆ ನೀವೇ ಹೇಳಿ."

ಮತ್ತೆ ಕೆಲಸಕ್ಕೆ ಹೋದೆ. ಮೇಜು ಸುತ್ತುವಾಗ ಒಂದೇ ರಾಶಿಯಿಂದ ಎರಡೆರಡು ಎತ್ತಿದೆ. "ಏನಮ್ಮಾ, ಹೊಟ್ಟೆನೋವು ತಲೆಗೇರ್ತಾ?" ಎಂದ ಮೇಸ್ತ್ರಿ. ಸೂಜಿಯಕ್ಕ ನನ್ನ ಮುಖ ನೋಡಿದಳು, ನನ್ನ ಕೈಯಿಂದ ಆ ಕಟ್ಟು ತೆಗೆದುಕೊಂಡು ತಾನೇ ಸರಿಪಡಿಸಿದಳು. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಆಗ ನಂಗೆ ತಿಳೀತಿರಲಿಲ್ಲ. ನಿನ್ನ ಒಳ್ಳೇದಕ್ಕೇ ಮಾಡಿದೆ. ನಿಮ್ಮತ್ತೆ ಹಾಗಂದಿದ್ದಕ್ಕೆ. ಒಂದೂ ನಿಲ್ಲಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ, ಹಾಗೇ ಮುಂದೆ ನಡೆದುಬಿಡಲೇ ಎಂದು ಕೂಡ ಅನ್ನಿಸಿತು.

ಪಿಟೀಲು ಊಟದ ಮೇಜಿನ ಮುಂದೆ ಕೂತಿದ್ದಳು. ಮುಂದೆ ಆ ಪುಸ್ತಕ, ಅದರ ಪಕ್ಕದಲ್ಲಿ ಮಡಿಸಿದ ಹಾಳೆಗಳ ಒಂದು ಕಟ್ಟು. ಹದಿನಾರು ಪುಟ, ಅವಳದೇ ಕೈಬರಹ. ಪುಸ್ತಕದ ಅಳತೆಗೆ ಕತ್ತರಿಸಿ, ನಾವು ಮಡಿಸುವ ಹಾಗೆಯೇ ಮಡಿಸಿ, ಮೊದಲ ಪುಟದ ಅಡಿಯಲ್ಲಿ ಅಚ್ಚಿನಲ್ಲಿರುವಂತೆ ಸಣ್ಣದಾಗಿ ಫಾರಮಿನ ಸಂಖ್ಯೆ ಐದು ಎಂದು ಬರೆದಿದ್ದಳು. ಮಡಿಕೆಯ ಮೇಲೆ ಕಪ್ಪು ಗೀಟನ್ನೂ ಎಳೆದಿದ್ದಳು, ಸರಿಯಾದ ಜಾಗದಲ್ಲಿ.

"ನೀನು ಜೋಡಿಸೋವಾಗ ಒಂದು ಫಾರಂ ಬಿಟ್ಟುಹೋಗಿದೆ" ಎಂದಳು. "ಟೀಚರ್‌ಗೆ ನಾನೇ ಹಾಳು ಮಾಡ್ದೆ ಅಂತ ಹೇಳಿದೀನಿ. ಇಲ್ದಿದ್ರೆ ಅವರು ಪ್ರೆಸ್ಸಿಗೆ ಬರೀತಾರೆ, ಮೇಸ್ತ್ರಿ ನಿನ್ನ ಕೆಲಸದಿಂದ ತೆಗೀತಾನೆ. ಗೆಳತಿ ಪುಸ್ತಕ ನೋಡಿ ಪೂರ್ತಿ ಬರ್ಕೊಂಡೆ. ಹೊಲಿದು ಕೊಡು."

ಆಗ ಅರ್ಥವಾಯಿತು. ನನ್ನ ತಪ್ಪು ಮುಚ್ಚಲು ಮಗಳು ಒಂದು ಪೀರಿಯಡ್ ಪೂರ್ತಿ ನಿಂತಿದ್ದಾಳೆ. ಆ ಕಟ್ಟನ್ನು ಕೈಗೆತ್ತಿಕೊಂಡೆ. ಹಾಳೆ ಹಿಡಿದರೆ ಬೆರಳು ತಾನಾಗಿ ಹಿಂಬದಿ ಸವರುತ್ತದೆ, ಅದು ಕೆಲಸದ ಗುಣ. ಅರವತ್ತೈದು, ಅರವತ್ತಾರು, ದುಂಡನೆಯ ಅಕ್ಷರ, ಹಗುರ ಕೈ. ಬಟ್ಟೆ ಒಗೆಯುವವಳು, ದಿಬ್ಬದ ಮೇಲಿನ ಮನೆ, ಪುಡಿ ಕಲಸಿದ ನೀರು. ನಾನು ಮಾಡಿದ್ದನ್ನೆಲ್ಲ ನನ್ನ ಮಗಳ ಅಕ್ಷರದಲ್ಲಿ ಓದಿದೆ. ಎಪ್ಪತ್ತೇಳರವರೆಗೂ ಅದೇ ಹಗುರ ಕೈ. ಎಪ್ಪತ್ತೆಂಟರ ಹಿಂಬದಿ ಉಬ್ಬುಉಬ್ಬಾಗಿತ್ತು. ಪೆನ್ನು ಅಷ್ಟು ಒತ್ತಿಹೋಗಿತ್ತು. ಬೆಳದಿಂಗಳು ಎನ್ನುವ ಕಡೆ ಹಾಳೆ ಹರಿದಿತ್ತು.

ಅವಳಿಗೆ ಗೊತ್ತಿತ್ತು. ಗೊತ್ತಾಗಿಯೂ ಉಳಿದ ಎರಡು ಪುಟ ಬರೆದು, ಮಡಿಸಿ, ಗೀಟು ಎಳೆದು ತಂದಿದ್ದಳು.

ಹೋಗಿ ತಗಡಿನ ಪೆಟ್ಟಿಗೆ ತೆರೆದೆ. ದಾರದ ಉಂಡೆಗಳ ಅಡಿಯಿಂದ ಅಚ್ಚಾದ ಐದನೆಯ ಫಾರಂ ತೆಗೆದು ಅವಳ ಮುಂದಿಟ್ಟೆ.

ಅವಳು ಅದರ ಅಡಿಯ ಸಂಖ್ಯೆ ನೋಡಿದಳು.

"ಹಾಗಾದ್ರೆ ಬಿಟ್ಟುಹೋಗಿದ್ದಲ್ಲ."

"ಅಲ್ಲ."

"ಇದೂ ಅಲ್ಲ." ಅವಳ ಬೆರಳು ಕಿವಿಯ ಕೆಳಗೆ ಹೋಗಿತ್ತು.

"ಅಲ್ಲ ಮಗಳೇ. ಮುಲಾಮು. ನಾನೇ ಹಚ್ಚಿದ್ದು. ದಿನಾ ಹಚ್ತಿದ್ದೆ."

ಅಳುತ್ತಾಳೆ, ಕೂಗುತ್ತಾಳೆ, ಪುಸ್ತಕ ಎಸೆಯುತ್ತಾಳೆ ಎಂದು ಕಾದೆ. ಅವಳು ತನಗೆ ತಾನೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು.

"ಅಲ್ಲಿ ಉರೀತಿತ್ತು ಅಂತ ನಂಗೆ ಮಸುಕುಮಸುಕಾಗಿ ನೆನಪಿತ್ತಮ್ಮ. ಮುತ್ತು ಕೊಟ್ರೆ ಉರಿಯತ್ತೆ ಅಂದ್ಕೊಂಡಿದ್ದೆ."

ನಾನು ಅವಳೆದುರು ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸೂಜಿಯಕ್ಕ ಅಂದದ್ದು ನೆನಪಾಗಿ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ನನ್ನ ಮಗಳು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದಬ್ಬಣ ಹಾಳೆಯಲ್ಲಿ ತೂರುವ ಸದ್ದು ಕೇಳಿ ತಲೆಯೆತ್ತಿದೆ. ರಟ್ಟು ಬಿಡಿಸಿ, ನಾಲ್ಕಕ್ಕೂ ಆರಕ್ಕೂ ನಡುವೆ ತನ್ನ ಕೈಬರಹದ ಕಟ್ಟನ್ನು ತಾನೇ ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟ, ದಾರ ಸಡಿಲ. ತಿದ್ದಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಮುಗಿದ ಮೇಲೆ ಅಚ್ಚಾದ ಫಾರಮನ್ನು ನನ್ನ ಕಡೆ ತಳ್ಳಿದಳು.

"ಇದು ನಿಂದು. ನೀನಿಟ್ಕೋ."

ಬೆಳಿಗ್ಗೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂತಿದ್ದೆ. ಬಾಚಣಿಗೆ ಹಿಡಿದು ಬಂದಳು, ದಿನದಂತೆ ನನಗೆ ಬೆನ್ನು ಮಾಡಿ ಕೂತಳು. ಬಾಚಿದೆ, ಸಿಕ್ಕು ಬಿಡಿಸಿದೆ. ಜಡೆಗೆ ಮೂರು ಕಾಲು ತೆಗೆದ ಮೇಲೆ ಕೈ ಮುಂದೆ ಹೋಗಲಿಲ್ಲ.

"ಇಳಿಸಿ ಹಾಕ್ಲಾ? ಕಾಣಲ್ಲ."

"ಎತ್ತೇ ಹಾಕು" ಎಂದಳು. ತಿರುಗಿ ನೋಡಲಿಲ್ಲ. "ಇವತ್ತು ಎಪ್ಪತ್ತೆಂಟನೇ ಪುಟ. ನಾನೇ ಓದ್ತೀನಿ ಅಂತ ಕೇಳ್ಕೋತೀನಿ. ಮೊನ್ನೆ ಮುತ್ತು ಅಂತ ಎಲ್ರಿಗೂ ಸುಳ್ಳು ಹೇಳಿದ್ನಲ್ಲ, ಇವತ್ತು ನಿಜ ಹೇಳ್ತೀನಿ."

ಬೇಡ ಎನ್ನಬಹುದಿತ್ತು. ಆ ಮಾತಿನ ಹಕ್ಕು ನನಗಿರಲಿಲ್ಲ. ಜಡೆಯನ್ನು ಎತ್ತಿ ಕಟ್ಟಿದೆ, ಮಚ್ಚೆ ಪೂರ್ತಿ ಕಾಣುವ ಹಾಗೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.